ಹುಳ ತಿಂದ ಎಲೆ

ನನ್ನ ನಾದಿನಿಗೆ ಚಿತ್ರ ಬಿಡಿಸಲು ಕಲಿಸಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಪಿಂಗಾಣಿ ತಟ್ಟೆಗಳ ಮೇಲೆ ಚಿತ್ರ ಬರೆಯುವ ನಮ್ಮ ಶಾಲೆಯಲ್ಲಿ ಈಗ ಯಾರಿಗೂ ಅದು ನೆನಪಿದ್ದಂತಿಲ್ಲ.

ಅವಳಿಗೆ ಮನೆಯಲ್ಲಿ ಹೊತ್ತು ಹೋಗುತ್ತಿಲ್ಲ, ನಿನ್ನ ತರಗತಿಗೆ ಕರೆದುಕೊಂಡು ಹೋಗು ಎಂದು ಗಂಡ ಹೇಳಿದರು. ನಾನು ಮಡಿಲಲ್ಲಿ ಕೆಂಡ ಕಟ್ಟಿಕೊಂಡು ಹೊರಟೆ. ನನ್ನ ತರಗತಿಯಲ್ಲಿ ಪ್ರತಿಯೊಬ್ಬರೂ ಒಂದು ಗಿಡದ ತುಂಡು ತರಬೇಕು. ಎಲೆ ಕಾಂಡಕ್ಕೆ ಎಲ್ಲಿ ಸೇರುತ್ತದೆ, ನರ ಎಲ್ಲಿ ಕವಲೊಡೆಯುತ್ತದೆ ಎಂದು ಕಣ್ಣಾರೆ ನೋಡಿ, ಕಾಗದದ ಮೇಲೆ ಬರೆದು, ಆಮೇಲೆ ತಟ್ಟೆ ಮುಟ್ಟಬೇಕು. ಇವಳು ಹಿತ್ತಲಿನ ಕುಂಬಳಬಳ್ಳಿಯಿಂದ ಹುಳ ತಿಂದು ಜರಡಿಯಾದ ಎಲೆ ಕಿತ್ತು ತಂದಳು. ಒಳ್ಳೆಯದನ್ನು ತಾ ಎಂದೆ.

"ಇದೇ ಇರ್ಲಿ ಅತ್ತಿಗೆ. ಹುಳಾನೂ ಊಟ ಮಾಡ್ಬೇಕಲ್ಲ," ಎಂದಳು.

ಎಲ್ಲರೂ ನಕ್ಕರು. ನಾನೂ ಹಲ್ಲು ಕಿರಿದೆ.

ಅವಳು ಬರೆದ ಆ ತೂತುಗಳನ್ನು ನೋಡಿ ನನ್ನ ಹೊಟ್ಟೆಯಲ್ಲಿ ಕಿಚ್ಚೆದ್ದಿತು. ಒಂದೊಂದರ ಅಂಚೂ ಒಣಗಿ ಸುರುಟಿಕೊಂಡಂತಿತ್ತು. ನಾನು ಇಷ್ಟು ವರ್ಷ ಮಚ್ಚೆಯಿಲ್ಲದ ಎಲೆಗಳನ್ನೇ ಆರಿಸಿ ಬರೆದವಳು. ಗಂಡ ಅವಳ ಕಾಗದವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ನನ್ನದು ಅಲ್ಲಿಗೆ ಯಾವತ್ತೂ ಏರಿಲ್ಲ. ಅತ್ತೆಯಂತೂ ಹಾಲು ತೆಗೆಯಲು ಹೋದಾಗಲೆಲ್ಲ ಅದರ ಮುಂದೆ ನಿಂತುಬಿಡುತ್ತಿದ್ದರು.

ಅಷ್ಟರಲ್ಲಿ ಶಾಲೆಯ ಬಾಗಿಲ ಎದುರಿನ ಗೋಡೆಯಲ್ಲಿದ್ದ ನನ್ನ ಹಳೆಯ ಜರೀಗಿಡದ ತಟ್ಟೆ ಬಿದ್ದು ಒಡೆಯಿತು. ಆ ಜಾಗಕ್ಕೆ ಹೊಸದು ಬೇಕು, ಆವಿಗೆಯಲ್ಲಿ ಅಷ್ಟು ದೊಡ್ಡ ತಟ್ಟೆ ಒಂದೇ ಹಿಡಿಯುತ್ತದೆ, ಅತ್ತಿಗೆ ನಾದಿನಿ ಇಬ್ಬರೂ ಬರೆಯಿರಿ, ಚೆನ್ನಾಗಿರುವುದನ್ನು ಸುಡೋಣ ಎಂದರು ಶಾಲೆಯ ಒಡತಿ. ಆ ಗೋಡೆ ನನ್ನದು. ಒಳಗೆ ಬಂದವರು ಮೊದಲು ನೋಡುತ್ತಿದ್ದುದು ನನ್ನ ಕೈಕೆಲಸವನ್ನು. ಅದೂ ಹೋದರೆ ನನಗೆ ಉಳಿಯುವುದು ಕುಂಚ ತೊಳೆಯುವ ಬಕೆಟ್ಟು ಎಂದುಕೊಂಡೆ.

ಒಂದೇ ಮೇಜಿಗೆ ಎದುರುಬದುರು ಕೂತೆವು. ಸುಡುವ ಮುಂಚೆ ತಟ್ಟೆಗೆ ಬಳಿದ ಹೊಳಪಿನ ಲೇಪ ಒಣಗಿದರೆ ಬರೀ ಹಿಟ್ಟು. ಅಂಗೈ ಊರಿದರೆ ಬಣ್ಣದ ಸಮೇತ ಎದ್ದು ಬರುತ್ತದೆ. ಆಮೇಲೆ ತೇಪೆ ಹಾಕಿದರೆ ಸುಟ್ಟಾಗ ಗುಳ್ಳೆ ಏಳುತ್ತದೆ. ಅದಕ್ಕೇ ತರಗತಿಯಲ್ಲಿ ನನ್ನದು ಒಂದೇ ಜಪ: ಕೈ, ಕೈ, ಕೈ. ಬೆನ್ನ ಹಿಂದೆ ನನಗೆ ಕೈ ಮೇಡಂ ಎಂದೇ ಹೆಸರು.

ನನ್ನ ಜರೀಗಿಡ ಮುಗಿಯುತ್ತ ಬಂದಿತ್ತು. ಹಾಗೆ ನೋಡಿದರೆ ಅಷ್ಟು ಚೆನ್ನಾಗಿ ನಾನು ಯಾವತ್ತೂ ಬರೆದಿರಲಿಲ್ಲ. ಆದರೆ ವಿದ್ಯಾರ್ಥಿಗಳೆಲ್ಲ ಅವಳ ಬೆನ್ನ ಹಿಂದೆ ಗುಂಪುಗೂಡಿದ್ದರು. ನನ್ನ ಕುಂಚ ತಟ್ಟೆಯ ಮೇಲಿತ್ತು, ಕಣ್ಣು ಅವಳ ಮೇಲಿತ್ತು. ಅವಳ ಅಂಗೈ ಲೇಪಕ್ಕೆ ಕೂದಲೆಳೆಯಷ್ಟು ಹತ್ತಿರ ತೇಲುತ್ತಿತ್ತು. ಊರು, ಒಂದು ಸಲ ಊರು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಇನ್ನೂ ಚೆನ್ನಾಗಿ ಕಾಣಲೆಂದು ಮುಂದಕ್ಕೆ ಬಾಗಿದೆ.

ಅವಳು ತಲೆಯೆತ್ತಿದಳು.

"ಅತ್ತಿಗೆ, ಕೈ," ಎಂದಳು ಮೆಲ್ಲಗೆ, ಬೇರೆ ಯಾರಿಗೂ ಕೇಳದ ಹಾಗೆ.

ನನ್ನ ಅಂಗೈ ತಟ್ಟೆಯ ನಟ್ಟನಡುವೆ ಊರಿತ್ತು. ಎತ್ತಿದಾಗ ಅರ್ಧ ಗಿಡ ಅದಕ್ಕೆ ಅಂಟಿಕೊಂಡು ಬಂತು.

ಈಗ ಆ ಗೋಡೆಯ ಮೇಲೆ ತೂತು ಬಿದ್ದ ಕುಂಬಳದೆಲೆ ಇದೆ. ಅವಳು ಗೆದ್ದದ್ದನ್ನು ಹೇಗೋ ನುಂಗಿಕೊಂಡೆ. ನುಂಗಲಾಗದ್ದು ಬೇರೆ: ಊರಿದ್ದು ಅವಳ ಕೈಯಾಗಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ.