ಮಕ್ಬೂಲ್ ಮಾಸ್ತರರ ಬೆಕ್ಕು

ಕಲಬುರಗಿಯ ಮೋಮಿನಪುರದ ಮಕ್ಬೂಲ್ ಮಾಸ್ತರರ ಮದುವೆ ಬ್ಯಾಂಡಿನಲ್ಲಿ ಒಂದು ಬೆಕ್ಕಿತ್ತು. ಅದು ಇದ್ದದ್ದು ಅವರ ಕ್ಲಾರಿನೆಟ್ಟಿನ ಒಳಗೆ. ಕೆಳಗಿನ ಸ್ವರಗಳಿಂದ ಮೇಲಿನವಕ್ಕೆ ಹತ್ತುವಾಗ ನಡುವೆ ಒಂದು ಕಡೆ ಎಲ್ಲ ಬೆರಳೂ ಒಮ್ಮೆಲೇ ತೂತುಗಳ ಮೇಲೆ ಕೂರಬೇಕು. ಒಂದು ಬೆರಳು ತುಸು ಸರಿದರೂ ಸ್ವರ ಬೆಕ್ಕು ಕೂಗಿದಂತೆ ಕೀಚಲಾಗುತ್ತದೆ. ಮಾಸ್ತರರ ಬೆರಳು ಪ್ರತಿ ಸಲವೂ ಸರಿಯುತ್ತಿತ್ತು.

ಇದನ್ನು ಮೊದಲು ಕಂಡುಕೊಂಡವನು ಡೋಲಿನ ಮಾಪಣ್ಣ. ಆ ಸ್ವರ ಬರುವ ಹೊತ್ತಿಗೆ ಸರಿಯಾಗಿ ಡೋಲಿಗೆ ಒಂದು ಬಲವಾದ ಏಟು ಹಾಕುತ್ತಿದ್ದ, ಕೀಚಲು ಮುಚ್ಚಿಹೋಗುತ್ತಿತ್ತು. ಹೊಡೆ ಎಂದು ಮಾಸ್ತರರು ಹೇಳಿರಲಿಲ್ಲ, ಹೊಡೆಯುತ್ತೇನೆ ಎಂದು ಅವನೂ ಹೇಳಿರಲಿಲ್ಲ. ವರ್ಷಗಟ್ಟಲೆ ಇಬ್ಬರೂ ಬಾಯಿ ಬಿಡದೆ ಈ ಸಂಸಾರ ನಡೆಸಿದರು. ಜನ ತಲೆದೂಗಿದರು. ಮಾಸ್ತರರು ತಾವು ಭಾರೀ ಕಲಾವಿದರೆಂದೇ ನಂಬಿಕೊಂಡರು.

ಕಮಲಾಪುರದ ಒಂದು ಮದುವೆಯ ದಿನ ಮಾಪಣ್ಣ ಜ್ವರದಿಂದ ಮಲಗಿದ. ಬೇರೆ ಯಾರೋ ಡೋಲು ಬಾರಿಸಿದರು, ಬೆಕ್ಕು ಹೊರಬಿತ್ತು. ಹೆಣ್ಣಿನ ದೊಡ್ಡಪ್ಪ ಶಿವಶರಣಪ್ಪನವರ ಬಾಯಿ ಮೊದಲೇ ಹರಿತ. ಮಂಟಪಕ್ಕೆಲ್ಲ ಕೇಳುವಂತೆ, "ಮಾಸ್ತರ, ಕೊಳವ್ಯಾಗ ಬೆಕ್ಕ್ ಸಿಕ್ಕೊಂಡದೇನ್ರೀ? ಪಾಪ, ಹೊರಗ ಬಿಡ್ರಿ ಅದಕ್ಕ" ಎಂದರು. ಅಂದಿನಿಂದ ಕಮಲಾಪುರದಿಂದ ಕಲಬುರಗಿಯ ಜಗತ್ ಸರ್ಕಲ್‌ವರೆಗೆ ಅವರು ಬೆಕ್ಕಿನ ಮಾಸ್ತರ. ಆ ಹೆಸರು ಕೇಳಿದಾಗೆಲ್ಲ ಅವರು ಬೇರೆ ಓಣಿ ಹಿಡಿಯುತ್ತಿದ್ದರು.

ಮೊದಲು ತಪ್ಪನ್ನು ರೀಡಿನ ಮೇಲೆ ಹೊರಿಸಿ, ಊದುವ ಬಾಯಿಗೆ ಕಟ್ಟುವ ಆ ತೆಳ್ಳನೆಯ ಚಕ್ಕೆಯನ್ನು ಬದಲಿಸಿದರು. ಆಮೇಲೆ ಕಲಬುರಗಿಯ ಬಿಸಿಲಿನ ಮೇಲೆ ಹೊರಿಸಿದರು, ಬಿಸಿಲನ್ನು ಬದಲಿಸಲಾಗಲಿಲ್ಲ. ಕೊನೆಗೆ ವಾದ್ಯವನ್ನೇ ಬದಲಿಸಿದರು. ಹೊಸದರಲ್ಲೂ ಅದೇ ಬೆಕ್ಕು. ಬಾಜಾ ಹೊಸದು ತಂದಿರಿ, ಬೆರಳು ಹಳೆಯವೇ ಅಲ್ಲವಾ ಎಂದು ಹೆಂಡತಿ ಲತೀಫಾ ರೊಟ್ಟಿ ಬಡಿಯುತ್ತಲೇ ಕೇಳಿದಳು. ಮಾಸ್ತರರು ತಮ್ಮ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು.

ಇನ್ನು ಅಭ್ಯಾಸವೊಂದೇ ಉಳಿದಿತ್ತು. ಆದರೆ ಮಾಸ್ತರ ಅನ್ನಿಸಿಕೊಂಡವರು ಕಲಿಯುವ ಮಕ್ಕಳಂತೆ ಒಂದೇ ಸ್ವರ ಊದುವುದು ಓಣಿಗೆ ಕೇಳಿದರೆ ಮಾನ ಉಳಿದೀತೇ? ಬ್ಯಾಂಡಿನವರಿಗೂ ತಿಳಿಯದಂತೆ ದಿನಾ ಊರಾಚೆಯ ಕಪನೂರಿಗೆ ಹೋಗಿ, ಮುಚ್ಚಿದ ದಾಲ್‌ಮಿಲ್ಲೊಂದರ ಹಿಂದೆ ನಿಂತು ಊದಿದರು. ಮೇಲಿನ ಸ್ವರಕ್ಕೆ ಹತ್ತುವ ಮೊದಲೇ ಬಲಗೈ ಬೆರಳುಗಳನ್ನು ತೂತುಗಳ ಮೇಲೆ ಕೂರಿಸಿಟ್ಟುಕೊಂಡರು. ಗಂಟಲು ಸಡಿಲ ಬಿಟ್ಟು, ಹೊಟ್ಟೆಯಿಂದ ಉಸಿರು ಕೊಟ್ಟು, ಆ ಒಂದೇ ಸ್ವರವನ್ನು ಎಳೆದೆಳೆದು ಊದಿದರು. ಚಳಿಗಾಲ ಮುಗಿಯುವ ಹೊತ್ತಿಗೆ ಸ್ವರ ದುಂಡಗೆ, ಬೆಣ್ಣೆಯ ಹಾಗೆ ನುಣ್ಣಗೆ ಬಂತು. ಸಂತೋಷಕ್ಕೆ ಮಾಸ್ತರರು ಅಲ್ಲೇ ನಿಂತು ಅತ್ತರು.

ಅಷ್ಟರಲ್ಲಿ ಕಮಲಾಪುರದ ಅದೇ ಮನೆಯ ಇನ್ನೊಬ್ಬ ಹುಡುಗಿಯ ಮದುವೆ ಬಂತು. "ಬೆಕ್ಕಿನ ಮಾಸ್ತರಗೇ ಹೇಳ್ರಿ, ನಗಾಕಾದ್ರೂ ಆಗ್ತದ" ಎಂದು ಶಿವಶರಣಪ್ಪನವರೇ ಹೇಳಿಕಳಿಸಿದರು. ಈ ಸಲ ಡೋಲಿಗೆ ಮಾಪಣ್ಣನೇ. ಕಮಲಾಪುರದ ಹಾದಿಯುದ್ದಕ್ಕೂ ಮಾಸ್ತರರ ನಾಲಿಗೆಯ ತುದಿಯಲ್ಲಿ ಒಂದು ಮಾತಿತ್ತು: ಇವತ್ತು ಅಲ್ಲಿ ಹೊಡೆಯಬೇಡ. ಆದರೆ ಹಾಗೆಂದರೆ, ಇಷ್ಟು ವರ್ಷ ಅವನು ಹೊಡೆದದ್ದು ಯಾಕೆಂದು ತಾವೇ ಒಪ್ಪಿಕೊಂಡಂತಾಯಿತಲ್ಲ! ಮಾತನ್ನು ನುಂಗಿಕೊಂಡರು.

ಬೀಗರನ್ನು ಎದುರುಗೊಳ್ಳುವ ಹೊತ್ತು. ಶಿವಶರಣಪ್ಪ ಕಿವಿ ನಿಮಿರಿಸಿ ಮುಂದೆಯೇ ಬಂದು ನಿಂತರು. ಮಾಸ್ತರರು ಮೇಲಿನ ಸ್ವರಕ್ಕೆ ಹತ್ತಿದರು. ಬೆರಳು ಕೂತವು, ಸ್ವರ ತುಂಬಿ ಬಂತು. ಅದು ಹೊರಬರುವುದಕ್ಕೂ ಮಾಪಣ್ಣ ಡೋಲಿಗೆ ಬಾರಿಸುವುದಕ್ಕೂ ಸರಿಹೋಯಿತು. ಹೋದ ಸಲ ತಾನಿಲ್ಲದೆ ಮಾಸ್ತರರ ಮಾನ ಹೋಗಿತ್ತಲ್ಲ, ಅದಕ್ಕೆ ಈ ಸಲ ಎರಡರಷ್ಟು ಜೋರಾಗಿ ಬಾರಿಸಿದ.

"ಯಾರಿಗೂ ಏನೂ ಕೇಳಸಲಿಲ್ರೀ ಮಾಸ್ತರ. ನಾ ಅದೀನಿ, ಬೇಫಿಕರ್ ಊದ್ರಿ" ಎಂದು ಅವನು ಮೊಟ್ಟಮೊದಲ ಬಾರಿಗೆ ಬಾಯಿಬಿಟ್ಟು ಪಿಸುಗುಟ್ಟಿದ.

ಶಿವಶರಣಪ್ಪ ಜನರ ಕಡೆ ತಿರುಗಿ ನಕ್ಕರು. "ಬೆಕ್ಕಿನ ಮ್ಯಾಲ ಡೋಲ್ ಬೋರಲ ಹಾಕ್ಯಾರ ನೋಡ್ರಿ! ಅಲ್ರೀ ಮಾಸ್ತರ, ಅಂವ ಸರಿಯಾಗಿ ಅಲ್ಲೇ ಯಾಕ ಹೊಡೀತಾನ?"

ಎಲ್ಲರೂ ಮಾಸ್ತರರ ಮುಖ ನೋಡಿದರು. ಮಾಪಣ್ಣನಿಗೆ ಒಂದು ಸಲ 'ಬ್ಯಾಡ' ಎಂದಿದ್ದರೆ ಸಾಕಿತ್ತು. ಇಡೀ ಕಮಲಾಪುರ ಆ ಸ್ವರವನ್ನು ಕೇಳುತ್ತಿತ್ತು, ಬೆಕ್ಕು ಅಂದೇ ಸಾಯುತ್ತಿತ್ತು. ಮಾಸ್ತರರು ಟೋಪಿ ಸರಿಮಾಡಿಕೊಂಡರು.

"ಈ ಧಾಟೀದ ತಾಳಾನೇ ಹಂಗದರೀ" ಎಂದರು. ಮತ್ತೆ ಮೊದಲಿಂದ ಊದಿದರು. ಸ್ವರ ಮೊದಲಿಗಿಂತ ಚೆನ್ನಾಗಿ ಬಂತು. ಡೋಲಿನ ಏಟೂ ತನ್ನ ಜಾಗದಲ್ಲೇ, ಅದರ ಮೇಲೆಯೇ ಬಿತ್ತು.