ಎರಡನೆಯ ಚುಕ್ಕಿ

ಗೂಟನ ಹೆಣ ಸಿಕ್ಕಿತೆಂಬ ಸುದ್ದಿ ಮೋಜಣಿದಾರರ ಮನೆಗೆ ಬಂದದ್ದು ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ. ಆ ಹೊತ್ತಿಗೆ ಅವರ ಹೆಂಡತಿ ಕಿಟಕಿಯ ಬಳಿ ಕುಳಿತು ಅದೇ ಗೂಟನ ಉಣ್ಣೆಯ ಕೋಟಿಗೆ ಗುಂಡಿ ಹೊಲಿಯುತ್ತಿದ್ದರು. ತಮ್ಮ ಸಿಕ್ಕಿದ ಕೂಡಲೇ ಹೊದಿಸಬೇಕು, ಗುಡ್ಡದ ಚಳಿ ತಿಂದು ಬಂದಿರುತ್ತಾನೆ ಎಂದು ಮೂರು ದಿನದಿಂದ ಆ ಕೋಟನ್ನು ಮಡಿಲಿನಿಂದ ಕೆಳಗಿಳಿಸಿರಲಿಲ್ಲ.

ಫೋನು ಮಾಡಿದವನು ಶೋಧ ಕಚೇರಿಯ ಅಧಿಕಾರಿ. "ನಮ್ಮ ಸಂತಾಪ ಸಾರ್. ಆಡು ಕಾಯೋನೊಬ್ಬ ನೋಡಿ ತಿಳಿಸಿದ. ನಿಮ್ಮವರೇ ಕೊಟ್ಟ ಜಾಗ ತಪ್ಪಾಗಿತ್ತು ನೋಡಿ, ಅದಕ್ಕೇ ತಡ ಆಯ್ತು." ಸಂತಾಪವನ್ನೂ ದೂರನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ. ಕಾಗದಪತ್ರದ ಸಲುವಾಗಿ ಗುರುವಾರ ಬನ್ನಿ ಎಂದ.

ಮೋಜಣಿದಾರರು ಫೋನು ಕೆಳಗಿಟ್ಟು ಹೆಂಡತಿಯ ಮುಖ ನೋಡಿದರು. ಹೇಳಬೇಕಾಗಲಿಲ್ಲ. ಆಕೆ ಸೂಜಿಯನ್ನು ಕೋಟಿನಲ್ಲೇ ಚುಚ್ಚಿ, ಕೋಟನ್ನು ಮಡಚಿ, ಅದರ ಮೇಲೆ ಮುಖವಿಟ್ಟರು.

ಗೂಟ ಎಂಬುದು ಮೋಜಣಿದಾರರೇ ಇಟ್ಟ ಹೆಸರು. ಆತ ಅವರ ಹೆಂಡತಿಯ ಒಬ್ಬನೇ ತಮ್ಮ. ಮೂವತ್ತು ವರ್ಷದ ಹಿಂದೆ ಅಳತೆಯ ಸರಪಳಿ ಹಿಡಿಯುವ ಕೆಲಸಕ್ಕೆ ಭಾವನ ಕೈಕೆಳಗೆ ಬಂದು ಸೇರಿದವನು. ಅಳತೆಗೋಲು ಹಿಡಿದು ನಿಲ್ಲೆಂದರೆ ಬಿಸಿಲಿಗೂ ಅಲ್ಲಾಡದೆ, ನೊಣ ಕೂತರೂ ಅಲ್ಲಾಡದೆ, ನೆಟ್ಟ ಗೂಟದಂತೆ ನಿಲ್ಲುತ್ತಿದ್ದ. ಮದುವೆಯ ಮಾತು ತೆಗೆದರೆ, "ಈಗಾಗಲೇ ನೀವು ಒಂದು ಕಡೆ ನೆಟ್ಟಿದ್ದೀರಲ್ಲ ಭಾವ, ಇನ್ನೊಂದು ಕಡೆ ಯಾಕೆ ಬಡೀತೀರಿ" ಎಂದು ನಗುತ್ತಿದ್ದ. ಮದುವೆಯಾಗಲೇ ಇಲ್ಲ. ಭಾನುವಾರದ ಊಟಕ್ಕೆ ಅಕ್ಕನ ಮನೆ, ಉಳಿದ ದಿನ ಗುಡ್ಡ. ಭಾವ ನಿವೃತ್ತರಾದ ಮೇಲೂ ಗುಡ್ಡದ ಗಡಿಕಲ್ಲುಗಳನ್ನು ನೋಡಿಕೊಂಡು ಬರುವ ಕೆಲಸ ಅವನದೇ ಆಗಿತ್ತು.

ಶನಿವಾರ ಮಧ್ಯಾಹ್ನ ಒಂದು ಕೊರಕಲಿಗೆ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದ. ಶೋಧ ಕಚೇರಿಗೆ ಫೋನಿನಿಂದ ಒಂದು ಸಂದೇಶ ಕಳಿಸಿದ. ಅಷ್ಟರಲ್ಲಿ ಫೋನಿನ ಬ್ಯಾಟರಿ ಮುಗಿಯಿತು. ಜನ ಹುಡುಕಿದರು, ಮೂರು ದಿನ ಹುಡುಕಿದರು. ಅವನಿದ್ದ ಕಡೆ ಮಾತ್ರ ಯಾರೂ ಹೋಗಲಿಲ್ಲ. ಭಾನುವಾರ ಸಂಜೆಯವರೆಗೆ ಜೀವ ಇದ್ದಿರಬೇಕು ಎಂದು ವೈದ್ಯರು ಬರೆದುಕೊಟ್ಟರು.

ಮಣ್ಣು ಮಾಡಿ ಬಂದ ಮೇಲೆ ಹೆಂಡತಿ ಆಡಿದ ಮೊದಲ ಮಾತು ಇದು: "ನನ್ನ ತಮ್ಮ ಜಾಗ ತಪ್ಪು ಹೇಳೋನಲ್ಲ. ಸತ್ತೋನ ಮೇಲೆ ಹೊರಿಸ್ತಿದ್ದಾರೆ. ಅವರ ಕಾಗದದಲ್ಲಿ ಆ ಮಾತು ಉಳೀಬಾರದು. ನೀವು ಹೋಗಿ ತೆಗೆಸಿ."

"ತೆಗೆಸ್ತೀನಿ" ಎಂದರು ಮೋಜಣಿದಾರರು. ಗೂಟನ ಕೋಣೆಯಿಂದ ತಂದ ಅಳತೆ ಪುಸ್ತಕವನ್ನು ಆ ಸಂಜೆ ತೆರೆದು ನೋಡಿದರು. ಒಂದೊಂದು ಕಲ್ಲಿಗೂ ಒಂದೊಂದು ಸಾಲು, ಇರುವೆ ಸಾಲಿನಂಥ ಅಚ್ಚುಕಟ್ಟಾದ ಅಂಕಿ. ಒಂದೆಡೆಯೂ ಹೊಡೆದು ಹಾಕಿದ ಗುರುತಿಲ್ಲ. ಇಂಥವನು ತಪ್ಪು ಹೇಳಿದನಂತೆ. ಅವರ ಬಾಯಿ ಕಹಿಯಾಯಿತು. ದೇವರ ಮುಂದೆ ಕುಳಿತರೂ ಬಾಯಿಗೆ ಬಂದದ್ದು ಪ್ರಾರ್ಥನೆಯಲ್ಲ, ಆ ಅಧಿಕಾರಿಯ ನುಣುಪಾದ ದನಿ. ಎದ್ದುಬಿಟ್ಟರು.

ಗುರುವಾರ ಹೋದರು. ಶೋಧ ಕಚೇರಿ ಎರಡನೆಯ ಮಹಡಿಯಲ್ಲಿತ್ತು. ಮೆಟ್ಟಿಲ ಮೂಲೆಯಲ್ಲಿ ಯಾರೋ ಉಗುಳಿ ಉಗುಳಿ ಗೋಡೆ ಕಂದು ಬಣ್ಣಕ್ಕೆ ತಿರುಗಿತ್ತು. ಒಳಗೆ ನಾಲ್ಕು ಮೇಜು, ನಾಲ್ಕು ಕಂಪ್ಯೂಟರ್. ಕೀಲಿಮಣೆಗಳ ಸಂದಿನಲ್ಲಿ ಬಿಸ್ಕತ್ತಿನ ಪುಡಿ ಕೂತು ಜಿಡ್ಡುಗಟ್ಟಿತ್ತು. ಅಧಿಕಾರಿ ಎದ್ದು ಕೈಮುಗಿದ. ಮುಗಿದ ಕೈಯಲ್ಲಿ ಅರ್ಧ ಬಿಸ್ಕತ್ತಿತ್ತು. ಈ ಬೆರಳುಗಳೇ ಅಲ್ಲವೆ ಶನಿವಾರ ಗೂಟನ ಸಂದೇಶ ಮುಟ್ಟಿದ್ದು ಎಂದುಕೊಂಡು ಮೋಜಣಿದಾರರು ಮುಖ ಬೇರೆ ಕಡೆ ತಿರುಗಿಸಿದರು.

ವರದಿ ಆಗಲೇ ಸಿದ್ಧವಾಗಿತ್ತು. 'ಮೃತರು ತಪ್ಪು ಸ್ಥಳ ತಿಳಿಸಿದ್ದರಿಂದ ಶೋಧ ವಿಳಂಬವಾಯಿತು.'

"ಆ ಸಂದೇಶ ತೋರಿಸಿ" ಎಂದರು.

"ಅದೆಲ್ಲ ಯಾಕೆ ಸಾರ್, ಮನಸ್ಸಿಗೆ ಬೇಜಾರು."

"ಬೇಜಾರು ನನ್ನದು, ನಾನು ನೋಡ್ಕೋತೀನಿ. ತೋರಿಸಿ."

ಪರದೆಯ ಮೇಲೆ ಸಂದೇಶ ಬಂತು. 'ಕಾಲು ಮುರಿದಿದೆ. ನಡೆಯಲಾಗದು. ಉತ್ತರ 27.30.36.' ಅದರ ಕೆಳಗೆ ರೇಖಾಂಶ, ಅದೂ ಹೀಗೇ. ಕೊನೆಯಲ್ಲಿ, 'ಅಕ್ಕನಿಗೆ ಗಾಬರಿ ಮಾಡಬೇಡಿ.'

ಮೋಜಣಿದಾರರು ಆ ಅಂಕಿಗಳನ್ನು ಒಂದೊಂದಾಗಿ ಓದಿದರು. ಆಮೇಲೆ ಕನ್ನಡಕ ಒರೆಸಿಕೊಂಡು, "ನೀವು ಹುಡುಕಿದ್ದು ಎಲ್ಲಿ" ಎಂದು ಕೇಳಿದರು.

ಅಧಿಕಾರಿ ಇನ್ನೊಂದು ಪುಟ ತೆರೆದ. ಅಲ್ಲಿ 27.3036 ಎಂದಿತ್ತು. ಪಕ್ಕದಲ್ಲಿ ಹಸಿರು ಬಣ್ಣದ ಸರಿ ಗುರುತು, 'ಸ್ಥಳ ಖಚಿತವಾಗಿದೆ' ಎಂಬ ಮಾತು.

ಮೋಜಣಿದಾರರು ಜೇಬಿನಿಂದ ಪೆನ್ನು ತೆಗೆದು ಆ ವರದಿಯ ಹಿಂಬದಿಯಲ್ಲೇ ಲೆಕ್ಕ ಹಾಕಿದರು. ಒಂದು ಡಿಗ್ರಿಗೆ ಅರವತ್ತು ನಿಮಿಷ, ಒಂದು ನಿಮಿಷಕ್ಕೆ ಅರವತ್ತು ಸೆಕೆಂಡು; ಗಡಿಯಾರದ ಹಾಗೆಯೇ. ಕಂಪ್ಯೂಟರಿಗೆ ಇದು ಒಗ್ಗದು, ಅದಕ್ಕೆ ದಶಮಾಂಶ ಬೇಕು. ಹಾಗಾಗಿ ನಿಮಿಷವನ್ನು ಅರವತ್ತರಿಂದಲೂ ಸೆಕೆಂಡನ್ನು ಮೂರು ಸಾವಿರದ ಆರುನೂರರಿಂದಲೂ ಭಾಗಿಸಿ ಡಿಗ್ರಿಗೆ ಕೂಡಬೇಕು. ಮೂವತ್ತು ನಿಮಿಷವೆಂದರೆ ಅರ್ಧ ಡಿಗ್ರಿ. ಮೂವತ್ತಾರು ಸೆಕೆಂಡೆಂದರೆ ಡಿಗ್ರಿಯ ನೂರನೆಯ ಒಂದು ಪಾಲು. ಕೂಡಿದರೆ 27.51.

"ನೋಡಿ" ಎಂದು ಕಾಗದ ತಿರುಗಿಸಿದರು. "ಅವನು ಹೇಳಿದ್ದು ಇಪ್ಪತ್ತೇಳು ಡಿಗ್ರಿ, ಮೂವತ್ತು ನಿಮಿಷ, ಮೂವತ್ತಾರು ಸೆಕೆಂಡು. ನೀವು ಹೋಗಿದ್ದು ಇಪ್ಪತ್ಮೂರು ಕಿಲೋಮೀಟರ್ ದಕ್ಷಿಣಕ್ಕೆ. ಹೆಣ ಸಿಕ್ಕಿದ್ದು ಎಲ್ಲಿ?"

ಅಧಿಕಾರಿ ಕಡತ ತಿರುವಿದ. ಹೆಣ ಸಿಕ್ಕ ಜಾಗ 27.51. ಒಂದು ಕೂದಲೆಳೆ ಆಚೀಚೆಯಿಲ್ಲ.

"ಅವನು ಜಾಗ ಸರಿಯಾಗೇ ಹೇಳಿದ್ದ" ಎಂದರು ಮೋಜಣಿದಾರರು. "ಮುರಿದ ಕಾಲು ಇಟ್ಕೊಂಡು ಸೆಕೆಂಡು ಸಮೇತ ಹೇಳಿದ್ದ. ಇಲ್ಲಿ ಫ್ಯಾನು ಕೆಳಗೆ ಕೂತೋರಿಗೆ ಓದೋಕಾಗಲಿಲ್ಲ."

ಅಧಿಕಾರಿ ಕಡತ ಮುಚ್ಚಿದ. ಸಾಫ್ಟ್‌ವೇರ್ ನೋಡಿಕೊಳ್ಳುವಾಕೆಯನ್ನು ಪಕ್ಕದ ಕೋಣೆಯಿಂದ ಕರೆಸಿದ. ನಲವತ್ತರ ಆಸುಪಾಸಿನ ಹೆಂಗಸು, ನಿದ್ದೆಗೆಟ್ಟ ಕಣ್ಣು. ಆಕೆ ಸಂದೇಶ ನೋಡಿದಳು, 27.3036 ನೋಡಿದಳು, ಕುರ್ಚಿ ಎಳೆದುಕೊಂಡು ಕೂತಳು.

"ಇದರಲ್ಲಿ ಎರಡು ಚುಕ್ಕಿ ಇದೆ" ಎಂದಳು ಮೆಲ್ಲಗೆ. "ದಶಮಾಂಶಕ್ಕೆ ಒಂದೇ ಚುಕ್ಕಿ ಇರಬೇಕು. ಡಿಗ್ರಿ ಗುರುತು ಇದ್ದರೆ ಅದು ನಿಮಿಷ ಸೆಕೆಂಡು ಅಂತ ತಿಳ್ಕೊಂಡು ಲೆಕ್ಕ ಹಾಕುತ್ತೆ. ಗುರುತಿಲ್ಲ, ಚುಕ್ಕಿ ಎರಡಿದೆ ಅಂದ್ರೆ, ಕೈತಪ್ಪಿ ಒತ್ತಿದ್ದು ಅಂತ ಎರಡನೇದನ್ನ ತೆಗೆದುಬಿಡುತ್ತೆ."

"ಯಾರನ್ನೂ ಕೇಳದೆ?"

"ಕೇಳೋ ಹಾಗೇ ಬರೆದಿದ್ದೆ ಸಾರ್. ಕೆಂಪಕ್ಷರದಲ್ಲಿ ಬರೋದು, ಈ ಸ್ಥಳ ಅರ್ಥವಾಗಲಿಲ್ಲ, ನೋಡಿ ಹೇಳಿ ಅಂತ." ಆಕೆ ಅಧಿಕಾರಿಯತ್ತ ನೋಡಲಿಲ್ಲ. "ಪದೇ ಪದೇ ಕೆಂಪು ಬಂದ್ರೆ ಮೇಲಿನವರಿಗೆ ತೋರಿಸೋಕೆ ಚೆನ್ನಾಗಿರಲ್ಲ ಅಂತ ತೆಗೆಸಿದರು. ನಾನು ತೆಗೆದೆ."

"ಎಲ್ಲಾ ಕಡೆ ಹೀಗೇ ಮಾಡ್ತಾರಮ್ಮ" ಎಂದ ಅಧಿಕಾರಿ.

ಮೋಜಣಿದಾರರು ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟರು. ಹಳಸಿದ್ದನ್ನು ಅರಿಯದೆ ಬಾಯಿಗಿಟ್ಟವರಂತೆ ಆಗಿ, ಎದ್ದು ಕಿಟಕಿಯ ಬಳಿ ಹೋಗಿ ನಿಂತರು. ಒಬ್ಬ ಮನುಷ್ಯ ಕಲ್ಲಿನ ಮೇಲೆ ಬಿದ್ದುಕೊಂಡು, ಬರುತ್ತಾರೆ, ಈಗ ಬರುತ್ತಾರೆ ಎಂದು ಒಂದು ಹಗಲು ಒಂದು ರಾತ್ರಿ ಮತ್ತೊಂದು ಹಗಲು ಕಿವಿಗೊಟ್ಟು ಕಾದಿದ್ದಾನೆ. ಇಲ್ಲಿ ಇವರು ಪರದೆ ಹಸಿರಾಗಿ ಕಾಣಲೆಂದು ಚುಕ್ಕಿ ಒರೆಸಿದ್ದಾರೆ. ಬೈಯಲೂ ಅಸಹ್ಯವಾಯಿತು.

ಹಿಂದಿನಿಂದ ಅಧಿಕಾರಿಯ ದನಿ ಬಂತು. ಈಗ ಅದಕ್ಕೆ ಸ್ವಲ್ಪ ಧೈರ್ಯ ಬಂದಿತ್ತು. "ಆದ್ರೂ ಸಾರ್, ಒಂದು ಮಾತು. ಡಿಗ್ರಿಗೆ ಒಂದು ಗುರುತಿದೆಯಲ್ಲ, ಸಣ್ಣ ಸೊನ್ನೆ ಥರದ್ದು. ಅದನ್ನ ಬಿಟ್ಟು ಯಾರು ಚುಕ್ಕಿ ಹಾಕ್ತಾರೆ? ಇಂಥದ್ದನ್ನ ಅವರಿಗೆ ಯಾರು ಹೇಳಿಕೊಟ್ಟಿದ್ದು?"

ಮೋಜಣಿದಾರರ ಕೈ ಕಿಟಕಿಯ ಸರಳಿನ ಮೇಲೆ ಹಾಗೇ ನಿಂತಿತು.

ಹೇಳಿಕೊಟ್ಟವರು ಅವರೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರ ಅಳತೆ ಪುಸ್ತಕ ಮಳೆಗೆ ನೆಂದು, ಒಂಬತ್ತರ ನೆತ್ತಿಯ ಮೇಲಿದ್ದ ಡಿಗ್ರಿಯ ಸಣ್ಣ ಸೊನ್ನೆ ಹರಡಿ ಪಕ್ಕಕ್ಕೆ ಅಂಟಿಕೊಂಡು ತೊಂಬತ್ತಾಗಿತ್ತು. ಇಡೀ ತಿಂಗಳ ಕೆಲಸ ಕೆಟ್ಟು, ಮೇಲಿನವರು ಹತ್ತು ಜನರ ಎದುರು ಉಗಿದಿದ್ದರು. ಅಂದಿನಿಂದ ತಮ್ಮ ಕೈಕೆಳಗಿನವರಿಗೆಲ್ಲ ಅವರದು ಒಂದೇ ಕಟ್ಟಪ್ಪಣೆ: ಡಿಗ್ರಿಗೆ ಸೊನ್ನೆ ಬೇಡ, ನಿಮಿಷ ಸೆಕೆಂಡಿಗೆ ಗೀರು ಬೇಡ, ನಡುವೆ ಚುಕ್ಕಿ ಇಡಿ. ಬೇರೆಯವರು ಕ್ರಮೇಣ ಬಿಟ್ಟರು. ಗೂಟ ಬಿಡಲಿಲ್ಲ. "ಈಗ ಎಲ್ಲಾ ಫೋನಲ್ಲೇ ಒತ್ತೋದು, ಮಳೆಗೆ ಏನು ನೆನೆಯುತ್ತೆ ಭಾವ" ಎಂದು ಒಮ್ಮೆ ಕೇಳಿದ್ದ. "ಒಂದು ಸಲ ಹೇಳಿದ್ಮೇಲೆ ಮುಗೀತು, ನಿನ್ನ ಜಾಣತನ ನಿನ್ನ ಅಕ್ಕನ ಹತ್ರ ತೋರಿಸು" ಎಂದು ಇವರು ಗದರಿದ್ದರು. ಅವನು ನಕ್ಕು, ಕೈ ಕಟ್ಟಿ, "ಆಗಲಿ ದೊರೆ" ಎಂದಿದ್ದ.

ಆ ಅಚ್ಚುಕಟ್ಟಾದ ಪುಸ್ತಕವನ್ನು ಮೊನ್ನೆ ಸಂಜೆ ಹೆಮ್ಮೆಯಿಂದ ನೋಡಿದ್ದರು. ಆಗ ಆ ಚುಕ್ಕಿಗಳು ಕಣ್ಣಿಗೆ ಬಿದ್ದೂ ಬಿದ್ದಿರಲಿಲ್ಲ.

ಇಷ್ಟು ಹೊತ್ತು ಈ ಕೋಣೆಯ ಮೇಲೆ, ಈ ಜಿಡ್ಡಿನ ಮೇಲೆ, ಈ ಮನುಷ್ಯನ ಮೇಲೆ ಇದ್ದ ಹೇಸಿಗೆ ತಿರುಗಿ ಅವರ ಮೈಗೇ ಹತ್ತಿತು. ಕೈ ತೊಳೆದುಕೊಳ್ಳಬೇಕೆನಿಸಿತು.

ಅಧಿಕಾರಿ ಹತ್ತಿರ ಬಂದ. "ಹೋಗಲಿ ಬಿಡಿ ಸಾರ್. ನಿಮಗೂ ಬೇಡ, ನಮಗೂ ಬೇಡ. ತಪ್ಪು ಸ್ಥಳ ಅನ್ನೋದನ್ನ ಹೊಡೆದು ಹಾಕ್ತೀನಿ. ಸ್ಥಳ ತಿಳಿಸುವಲ್ಲಿ ಗೊಂದಲ ಉಂಟಾಗಿತ್ತು ಅಂತ ಬರೆಯೋಣ. ಯಾರದ್ದು ಅಂತ ಇರಲ್ಲ."

ಒಂದು ಕ್ಷಣ ಮೋಜಣಿದಾರರಿಗೆ ಆ ಮಾತು ಸಿಹಿಯಾಗಿಯೇ ಕೇಳಿಸಿತು. ಹೆಂಡತಿ ತೆಗೆಸಿ ಎಂದ ಮಾತು ಹೋಗುತ್ತದೆ. ಚುಕ್ಕಿ ಕಲಿಸಿದವರು ಯಾರೆಂಬ ಮಾತೂ ಯಾರ ಬಾಯಿಗೂ ಬರುವುದಿಲ್ಲ. ಮರುಕ್ಷಣವೇ, ಹಾಗೆ ಕೇಳಿಸಿದ್ದಕ್ಕೆ ತಮ್ಮ ಕಿವಿಯ ಮೇಲೇ ಅವರಿಗೆ ಅಸಹ್ಯ ಹುಟ್ಟಿತು. ಗೊಂದಲವಂತೆ. ಗೂಟನಿಗೆ ಯಾವ ಗೊಂದಲವೂ ಇರಲಿಲ್ಲ. ಸಾಯುವ ಹೊತ್ತಿನಲ್ಲೂ ಅಳತೆಗೋಲು ನೇರ ಹಿಡಿದವನು ಅವನು.

"ಬೇಡ" ಎಂದರು. "ನಾನು ಹೇಳ್ತೀನಿ, ನೀವು ಬರೀರಿ. ಮೃತರು ತಿಳಿಸಿದ ಸ್ಥಳ ಸರಿಯಾಗಿತ್ತು. ಬರೆದ್ರಾ? ಮೋಜಣಿಯ ಹಳೆಯ ರೂಢಿಯಂತೆ ಡಿಗ್ರಿ, ನಿಮಿಷ, ಸೆಕೆಂಡುಗಳ ನಡುವೆ ಚುಕ್ಕಿ ಇಟ್ಟಿದ್ದರು. ಆ ರೂಢಿಯನ್ನು ಅವರಿಗೆ ಕಲಿಸಿದವನೂ, ಬಿಡಬಾರದೆಂದು ಕಟ್ಟುಮಾಡಿದವನೂ ಅವರ ಭಾವನಾದ ನಾನು. ಎರಡನೆಯ ಚುಕ್ಕಿಯನ್ನು ಕಚೇರಿಯ ಸಾಫ್ಟ್‌ವೇರ್ ಯಾರನ್ನೂ ಕೇಳದೆ ಅಳಿಸಿತು. ಕೇಳುವ ಏರ್ಪಾಡನ್ನು ಕಚೇರಿಯೇ ತೆಗೆಸಿತ್ತು. ಮೂಲ ಸಂದೇಶವನ್ನು ಮೂರು ದಿನದಲ್ಲಿ ಒಬ್ಬರೂ ತೆರೆದು ಓದಲಿಲ್ಲ."

ಅಧಿಕಾರಿ ಕೀಲಿಮಣೆಯಿಂದ ಬೆರಳು ಎತ್ತಿಬಿಟ್ಟ. "ಇದನ್ನ ಹೇಗೆ ಸಾರ್ ಬರೆಯೋದು. ನಿಮ್ಮ ಹೆಸರೂ ಬರುತ್ತೆ. ಈ ವಯಸ್ಸಲ್ಲಿ ನಿಮಗ್ಯಾಕೆ ಇದೆಲ್ಲ?"

"ನನ್ನ ಹೆಸರು ಮೊದಲು ಬರಲಿ. ಆಮೇಲೆ ನಿಮ್ಮದು."

"ನಾನು ಬರೀತೀನಿ" ಎಂದಳು ಸಾಫ್ಟ್‌ವೇರಿನಾಕೆ. ಕೀಲಿಮಣೆಯನ್ನು ತನ್ನ ಕಡೆ ಎಳೆದುಕೊಂಡು, ಅವರು ಹೇಳಿದ್ದನ್ನು ಒಂದಕ್ಷರ ಬಿಡದೆ ಒತ್ತಿದಳು. "ತೆಗೆದವಳು ನಾನು ಅಂತಾನೂ ಸೇರಿಸ್ತೀನಿ ಸಾರ್." ಕೊನೆಯಲ್ಲಿ ಮೂವರೂ ರುಜು ಹಾಕಿದರು. ಅಧಿಕಾರಿ ರುಜು ಹಾಕಿದ್ದು ಬೇರೆ ದಾರಿ ಕಾಣದೆ. ಆ ಹಾಳೆಯ ಹಿಂದೆ ಮೋಜಣಿದಾರರ ಕೈಬರಹದ ಲೆಕ್ಕವನ್ನೂ ಆಕೆ ಸೇರಿಸಿ ಹೊಲಿದಳು. ಬಾಗಿಲವರೆಗೆ ಬಂದು, "ಇವತ್ತೇ ಆ ಕೆಂಪಕ್ಷರ ವಾಪಸ್ ಹಾಕ್ತೀನಿ" ಎಂದಳು. ಮೋಜಣಿದಾರರು ತಲೆಯಾಡಿಸಿ ಮೆಟ್ಟಿಲಿಳಿದರು.

ಮನೆಯಲ್ಲಿ ಹೆಂಡತಿ ಪ್ರತಿಯನ್ನು ಎರಡು ಸಲ ಓದಿದರು. ಮೊದಲನೆಯ ಸಾಲಿಗೆ ಕಣ್ಣು ತುಂಬಿತು. ಮೂರನೆಯ ಸಾಲಿಗೆ ಬಂದಾಗ ಒಣಗಿತು.

"ಇದನ್ನ ನೀವೇ ಬರೆಸಿದ್ದಾ?"

"ಹೌದು."

ಆಕೆ ಬಹಳ ಹೊತ್ತು ಹಾಳೆಯ ಅಂಚನ್ನು ಬೆರಳಿಂದ ನೀವುತ್ತಿದ್ದರು. "ನಾನು ಬೈದರೆ ನಗೋನು. ನೀವು ಹೇಳಿದ್ದನ್ನ ಮಾತ್ರ ಯಾವತ್ತೂ ಮೀರಲಿಲ್ಲ" ಎಂದರು. ಅದು ಬೈಗುಳವೋ ಸಮಾಧಾನವೋ ಮೋಜಣಿದಾರರಿಗೆ ತಿಳಿಯಲಿಲ್ಲ. ಕೇಳುವ ಯೋಗ್ಯತೆ ತಮಗಿದೆ ಎಂದೂ ಅನಿಸಲಿಲ್ಲ. ಆಕೆ ಕೋಟನ್ನು ಮಡಿಲಿಗೆ ತೆಗೆದುಕೊಂಡು, ಅರ್ಧ ಹೊಲಿದಿದ್ದ ಗುಂಡಿಯನ್ನು ಪೂರ್ತಿ ಹೊಲಿದು, ದಾರ ಕಡಿದರು. ಆಮೇಲೆ, "ಬನ್ನಿ, ಕೂತ್ಕೊಳ್ಳಿ. ಅವನಿಗೋಸ್ಕರ ಇನ್ನೂ ಒಂದು ಮಾತು ಬೇಡಿಕೊಂಡಿಲ್ಲ ನಾವು" ಎಂದರು.

ಇಬ್ಬರೂ ಕುಳಿತರು. ಮೋಜಣಿದಾರರು ಕೈ ಜೋಡಿಸಿದರು. ಇಷ್ಟು ದಿನ ಬಾರದ ಮಾತು ಈಗ ಬಂತು.

ದೇವರೇ, ಅವನು ಎಲ್ಲಿದ್ದಾನೆಂದು ನಾವು ನಿನಗೆ ಲೆಕ್ಕ ಹಾಕಿ ತಿಳಿಸಬೇಕಾಗಿಲ್ಲ. ನಾವು ಯಾರೂ ಹೋಗದ ಆ ಕೊರಕಲಿನಲ್ಲಿ, ಆ ಚಳಿಯಲ್ಲಿ, ನೀನು ಅವನ ಬಳಿ ಇದ್ದೆ ಎಂದು ನಂಬಿದ್ದೇವೆ. ನಾನು ಕಲಿಸಿದ್ದರಲ್ಲಿ ತಪ್ಪಿದ್ದರೆ ಅದು ನನ್ನ ಮೇಲಿರಲಿ, ಅವನ ಮೇಲೆ ಬೇಡ. ಅವನ ಮುರಿದ ಕಾಲಿಗೆ ನೋವಿಲ್ಲದಂತೆ ಮಾಡು. ಬಹಳ ಹೊತ್ತು ನಿಂತವನು, ಕೂರಲು ಜಾಗ ಕೊಡು. ಅವನ ಆತ್ಮಕ್ಕೆ ಶಾಂತಿಯನ್ನು ಕರುಣಿಸು.