ದೊಡ್ಡೋನು ಬಂದ ದಿನ

ಇನ್ನೂ ಎಷ್ಟು ನೋಡುವುದಿದೆ ಎಂದು ಕೇಳಿದರೆ ಚೆನ್ನಾಗಿರುವುದಿಲ್ಲವೆಂದು ಅವನು ಮತ್ತೊಂದು ಗಾಜಿನ ಪೆಟ್ಟಿಗೆಯ ಮುಂದೆ ಬಗ್ಗಿ ನಿಂತ. ಒಳಗೆ ಯಾರೋ ರಾಣಿಯ ಚಮಚಗಳು. ಇಷ್ಟೊಂದು ಚಮಚ ಇಟ್ಟುಕೊಂಡು ಆಕೆ ಏನು ತಿನ್ನುತ್ತಿದ್ದಳೆಂದು ಎಲ್ಲೂ ಬರೆದಿರಲಿಲ್ಲ.

"ಹೇಗಿದೆ ಭಾವ?" ಮಾವನ ಮಗ ಕೇಳಿದ.

"ಚೆನ್ನಾಗಿದೆ."

"ಎಲ್ಲದಕ್ಕೂ ಚೆನ್ನಾಗಿದೆ ಅಂತೀರಿ."

"ಎಲ್ಲಾ ಚೆನ್ನಾಗೇ ಇದೆಯಲ್ಲ."

ಪರದೇಶದಲ್ಲಿ ವಿಚಾರ ಸಂಕಿರಣ ಮುಗಿಸಿದ ತರ್ಕಶಾಸ್ತ್ರದ ಮೇಷ್ಟರಾದ ಅವನಿಗೆ ವಿಮಾನ ಹತ್ತುವ ಮೊದಲು ಒಂದು ದಿನ ಮಿಕ್ಕಿತ್ತು. ಅದನ್ನು ಮಾವನ ಮಗ, ಕೃತಕ ಹಲ್ಲು ತಯಾರಿಸುವವನು, ತನ್ನ ವಶಕ್ಕೆ ತೆಗೆದುಕೊಂಡಿದ್ದ. ಬೆಳಿಗ್ಗೆ ಸೇತುವೆ ಆಯಿತು, ಉದ್ಯಾನ ಆಯಿತು, ಈಗ ಅರಮನೆ. ಊಟಕ್ಕೆ ಮಾವನ ಮನೆ. ಹಡಗು ಕಟ್ಟುವ ಕಡೆ ಬೆಸುಗೆ ಕೆಲಸ ಸಿಕ್ಕಿ ಮಾವ ಈ ದೇಶಕ್ಕೆ ಬಂದಾಗ ಈ ಸೋದರಳಿಯನಿನ್ನೂ ಚಡ್ಡಿ ಹಾಕುವ ವಯಸ್ಸಿನವನು. ಆಮೇಲೆ ಮುಖ ನೋಡಿದ್ದಿಲ್ಲ. ಅಮ್ಮ ಹೋದ ಮೇಲೆ ಎರಡು ಮನೆಗಳ ನಡುವೆ ಮಾತೂ ನಿಂತುಹೋಗಿತ್ತು. ಊಟಕ್ಕೆ ಭಾವ ಬರುತ್ತಾರೆ ಎಂದಷ್ಟೇ ಮಗ ಮಾವನಿಗೆ ಹೇಳಿದ್ದ.

ಕಾರು ನಿಲ್ಲಿಸಲು ಜಾಗ ಹುಡುಕುತ್ತ ಮಾವನ ಮಗ ಕೆಳಗೇ ಉಳಿದ. ಅವನೊಬ್ಬನೇ ಮೆಟ್ಟಿಲು ಹತ್ತಿ ಕರೆಗಂಟೆ ಒತ್ತಿದ.

ಬಾಗಿಲು ತೆರೆದದ್ದೇ ಮಾವ ಎರಡೂ ತೋಳು ಚಾಚಿದರು.

"ಬಾರೋ ದೊಡ್ಡೋನೇ!"

ದೊಡ್ಡೋನು ಎಂದರೆ ಅವನ ಅಣ್ಣ. ಅವನು ಚಿಕ್ಕೋನು. ತಿದ್ದಬೇಕೆಂದುಕೊಂಡ. ಆದರೆ ಅವನ ಮುಖ ಮಾವನ ಹೆಗಲಿಗೆ ಒತ್ತಿಕೊಂಡಿತ್ತು. ಅಪ್ಪುಗೆ ಬಿಗಿಯಾಗಿತ್ತು, ಬೆಚ್ಚಗಿತ್ತು. ಸಡಿಲವಾಗಲಿ, ಹೇಳಿದರಾಯಿತು ಎಂದುಕೊಂಡ. ಸಡಿಲವಾಗುವ ಹೊತ್ತಿಗೆ ಅತ್ತೆ ತಟ್ಟೆ ಇಟ್ಟಾಗಿತ್ತು.

"ಬಾವಿಗೆ ಧುಮುಕ್ತಿದ್ದೆಯಲ್ಲೋ, ನೆನಪಿದೆಯಾ?" ಎಂದರು ಮಾವ. "ನಿಮ್ಮಮ್ಮ ಬೊಬ್ಬೆ ಹೊಡೆಯೋಳು. ನೀನು ಕೆಳಗಿಂದ ನಗೋನು."

"ನೆನಪಿದೆ," ಎಂದ. ಬಾವಿಕಟ್ಟೆಯ ಬಳಿ ಅಣ್ಣನ ಅಂಗಿ ಹಿಡಿದುಕೊಂಡು ನಿಂತದ್ದು ಅವನಿಗೆ ನೆನಪಿತ್ತು.

"ನಿನ್ನ ತಮ್ಮ ಒಬ್ಬ ಇದ್ನಲ್ಲ. ಮೂಲೇಲಿ ಕೂತು ಎಲ್ಲರ ಬಾಯಿ ನೋಡೋನು. ಅವನು ಹೇಗಿದ್ದಾನೆ?"

ಈಗ ಹೇಳಬಹುದಿತ್ತು. ಹೇಳಿ ನಕ್ಕುಬಿಡಬಹುದಿತ್ತು.

"ಹೋಗ್ಬಿಟ್ಟ ಮಾವ."

"ಎಲ್ಲಿಗೆ?"

"ತೀರ್ಕೊಂಡ."

ಹೇಳಿದ ಮೇಲೆ ಅವನು ತನ್ನ ಮಾತನ್ನು ತಾನೇ ಕೇಳಿಸಿಕೊಂಡ. ಗಾಬರಿಯಾಗಲಿಲ್ಲ. ಅದೇ ಸೋಜಿಗ.

"ಏನಾಗಿತ್ತು?"

"ಏನೂ ಆಗಿರ್ಲಿಲ್ಲ."

"ಹೆಂಡ್ತಿ ಮಕ್ಕಳು?"

"ಇಲ್ಲ."

"ಬಿಡು. ಹಿಂದೆ ಒದ್ದಾಡೋರು ಯಾರೂ ಇಲ್ಲ."

ಅತ್ತೆ ಅಡುಗೆಮನೆಯಿಂದ ಅನ್ನದ ಪಾತ್ರೆ ತಂದರು. "ಯಾರಿಗೇನಾಯ್ತು?"

"ಇವನ ತಮ್ಮ ಹೋಗ್ಬಿಟ್ನಂತೆ."

"ಇವನಿಗೆ ತಮ್ಮ ಬೇರೆ ಇದ್ನಾ?" ಎಂದರು ಅತ್ತೆ. "ಅಯ್ಯೋ ಪಾಪ. ಇನ್ನೊಂಚೂರು ಹಾಕ್ಲಾ?"

"ಹಾಕಿ."

ಮಾವನ ಮಗ ಆಗ ಒಳಗೆ ಬಂದ. ಮಾವ ಅವನಿಗೂ ಸುದ್ದಿ ಹೇಳಿದರು. ಅವನು ಅತಿಥಿಯ ಮುಖ ನೋಡಿದ. ಅತಿಥಿ ಅನ್ನ ಕಲಸುತ್ತಿದ್ದ.

"ಹೌದಾ?" ಎಂದು ಕೈ ತೊಳೆದು ಊಟಕ್ಕೆ ಕುಳಿತ.

ಆಮೇಲಿನದೆಲ್ಲ ಸಲೀಸಾಗಿತ್ತು. ಅವನು ಹೊಟ್ಟೆ ತುಂಬ ಉಂಡ. ಅಣ್ಣನ ಹಾಗೆ ತೊಡೆ ತಟ್ಟಿ ನಕ್ಕ. ಅಣ್ಣನ ಹಳೆಯ ಪುಂಡಾಟಗಳನ್ನು ಒಂದೊಂದಾಗಿ ಹೇಳಿದ. ಅವೆಲ್ಲ ಅವನಿಗೆ ಬಾಯಿಪಾಠವಾಗಿದ್ದವು, ನಿಂತು ನೋಡಿದವನಿಗೆ ಇನ್ನೇನು ಕೆಲಸ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ಊಟವಾದ ಮೇಲೆ ಸೋಫಾದಲ್ಲಿ ಒರಗಿದವನಿಗೆ ಜೊಂಪು ಹತ್ತಿತು. ತನ್ನ ಮನೆಯಲ್ಲಿ ಅಷ್ಟು ನೆಮ್ಮದಿಯಾಗಿ ಮಲಗಿದ್ದು ಯಾವಾಗ ಎಂದು ಎದ್ದಾಗ ಯೋಚಿಸಿದ. ಹೊಳೆಯಲಿಲ್ಲ.

ಹೊರಡುವಾಗ ಮಾವ ಬಾಗಿಲವರೆಗೆ ಬಂದರು. ತಲೆಯ ಮೇಲೆ ಕೈಯಿಟ್ಟು, "ನೀನಾದ್ರೂ ಜೋಪಾನವಾಗಿರಪ್ಪ," ಎಂದರು. ಕೈ ತೆಗೆಯಲಿಲ್ಲ.

"ಒಂದು ಮಾತು. ನಾನು ಊರು ಬಿಟ್ಟಾಗ ನೀವೆಲ್ಲ ಕುಣೀತಿದ್ರಿ, ಮಾವ ಹಡಗಿನ ಊರಿಗೆ ಹೋಗ್ತಾರೆ ಅಂತ. ಬಾಗಿಲ ಹಿಂದೆ ನಿಂತು ಅತ್ತೋನು ಅವನೊಬ್ನೇ. ಆ ಚಿಕ್ಕೋನು. ಇಲ್ಲಿಗೆ ಬಂದ ಹೊಸದರಲ್ಲಿ, ಕೆಲಸ ಮುಗಿಸಿ ರೂಮಿಗೆ ಬಂದ್ರೆ ಅದೇ ನೆನಪಾಗೋದು. ನನಗೋಸ್ಕರ ಒಬ್ಬ ಅತ್ತಿದ್ದಾನಲ್ಲ ಅಂತ. ಅವನಿಗೆ ಹೇಳ್ಬೇಕಿತ್ತು. ಆಗ್ಲಿಲ್ಲ ನೋಡು."

ಅವನು ಬಾಯಿ ತೆರೆದ. ಬರುವುದು ಅಣ್ಣನ ದನಿಯೋ ತನ್ನದೋ ತಿಳಿಯಲಿಲ್ಲ. ಕೆಳಗಿನಿಂದ ಕಾರಿನ ಹಾರನ್ ಕೇಳಿಸಿತು.

"ಹೋಗು, ಕಾಯ್ತಿದ್ದಾನೆ," ಎಂದರು ಮಾವ.

ಕಾರು ಊರು ದಾಟಿತು.

"ಯಾಕೆ ಭಾವ ಹಾಗಂದ್ರಿ?"

"ಗೊತ್ತಿಲ್ಲ."

"ಅಪ್ಪನಿಗೆ ಹೇಳ್ಬಿಡ್ಲಾ?"

ಹೇಳು ಎನ್ನಬೇಕೆಂದು ಅವನಿಗೆ ಅನ್ನಿಸಿತು. ಈಗಲೇ ತಿರುಗಿಸು ಗಾಡಿ ಎನ್ನಬೇಕೆಂದೂ ಅನ್ನಿಸಿತು. "ನೋಡು, ನಿನಗೆ ಹೇಗೆ ಸರಿ ಕಾಣುತ್ತೋ," ಎಂದ.

ಮಾವನ ಮಗ ಕನ್ನಡಿಯಲ್ಲಿ ಹಿಂದಿನ ಗಾಡಿ ನೋಡಿದ. "ನೀವು ಮತ್ತೆ ಈ ಕಡೆ ಬರೋದಿದೆಯಾ?"

"ಇಲ್ಲ ಅನ್ಸುತ್ತೆ."

"ಹಾಗಾದ್ರೆ ಬಿಡಿ. ಹಾಗೇ ಇರ್ಲಿ. ಪಾಪ, ತುಂಬ ದಿನದ ಮೇಲೆ ಖುಷಿಯಾಗಿದ್ರು." ಗೇರು ಬದಲಿಸಿದ. "ಬೆಟ್ಟದ ಮೇಲಿಂದ ಊರು ಚೆನ್ನಾಗಿ ಕಾಣುತ್ತೆ. ಅದೊಂದು ನೋಡ್ಕೊಂಡು ಹೋಗೋಣ."

ಬೆಟ್ಟದ ಬುಡದಲ್ಲಿ ಮಾವನ ಮಗ ಟಿಕೆಟ್ ತರಲು ಹೋದ. ಅವನು ಕಂಬಿಗೆ ಒರಗಿ ನಿಂತ. ಬೆಟ್ಟದ ತುದಿಯವರೆಗೆ ಎಳೆದ ತಂತಿಗೆ ನೇತುಬಿದ್ದ ಗಾಜಿನ ತೊಟ್ಟಿಲುಗಳು ಒಂದರ ಹಿಂದೊಂದು ಮೇಲಿನಿಂದ ಇಳಿದು ಬರುತ್ತಿದ್ದವು. ಜನ ಇಳಿಯುತ್ತಿದ್ದರು, ಹತ್ತುತ್ತಿದ್ದರು. ನಡುವೆ ಒಂದು ಖಾಲಿ ಬಂತು. ಬಾಗಿಲು ತಾನಾಗಿ ತೆರೆದುಕೊಂಡಿತು. ಇಳಿಸುವ ಕೆಲಸದವನು ಬೇರೆತ್ತಲೋ ನೋಡುತ್ತ, ರೂಢಿಯಂತೆ ಒಳಕ್ಕೆ ಕೈ ನೀಡಿದ. ಒಂದು ಗಳಿಗೆ ಹಾಗೇ ಹಿಡಿದು, ಯಾರನ್ನೋ ಜೋಪಾನವಾಗಿ ಇಳಿಸಿದವನಂತೆ ಹಿಂತೆಗೆದ. ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ತೊಟ್ಟಿಲು ಸುತ್ತು ಹಾಕಿ, ಸೀಟಿನ ಮೇಲೆ ಅಷ್ಟು ಬಿಸಿಲು ಕೂರಿಸಿಕೊಂಡು, ಮತ್ತೆ ಮೇಲೇರತೊಡಗಿತು.